ರಗ್ಬಿಯ ಗುರು ಥಾಮಸ್ ಆರ್ನಲ್ಡ್

ಮಗನನ್ನು ದೂರದ ವಿದ್ಯಾರ್ಥಿನಿಲಯದಲ್ಲಿ ಬಿಟ್ಟು ಹಿಂದಿರುಗುವ ತಂದೆಗೆ ಎರಡು ಚಿಂತೆಗಳು. ಅವನಿಗೆ ವಿದ್ಯೆ ಬಂದೀತೇ ಎಂಬುದೊಂದು. ಸಹವಾಸದಿಂದ ಕೆಟ್ಟಾನೇ ಎಂಬುದು ಮತ್ತೊಂದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಗೃಹಸ್ಥರನ್ನು ಈ ಎರಡನೆಯ ಚಿಂತೆಯೇ ಹೆಚ್ಚಾಗಿ ಬಾಧಿಸುತ್ತಿದ್ದಿತು. ಕುಡಿತ, ಬಡಿದಾಟ, ಕಿರಿಯರ ಮೇಲೆ ಹಿರಿಯರ ಕ್ರೌರ್ಯ ಇವು ಅಲ್ಲಿಯ ದೊಡ್ಡ ಶಾಲೆಗಳಲ್ಲಿ ಸಾಮಾನ್ಯವಾಗಿದ್ದವು. 1797ರಲ್ಲಿ ರಗ್ಬಿ ಶಾಲೆಯ ಹುಡುಗರು ದಂಗೆಯೆದ್ದಾಗ ಸೈನಿಕರನ್ನೇ ಕರೆಸಬೇಕಾಯಿತು.

ಆ ಶಾಲೆಗೆ 1828ರಲ್ಲಿ ಮುಖ್ಯೋಪಾಧ್ಯಾಯನಾಗಿ ಬಂದವನು ಥಾಮಸ್ ಆರ್ನಲ್ಡ್. ಆತನ ಜನನ 1795ನೆಯ ಇಸವಿ ಜೂನ್ 13ರಂದು, ವೈಟ್ ದ್ವೀಪದಲ್ಲಿ. ಸುಂಕದ ಅಧಿಕಾರಿಯಾಗಿದ್ದ ತಂದೆ 1801ರಲ್ಲಿಯೇ ತೀರಿಕೊಂಡನು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮುಗಿಸಿದ ಆರ್ನಲ್ಡನು ಲೇಲ್‌ಹ್ಯಾಮ್ ಎಂಬ ಗ್ರಾಮದಲ್ಲಿ ಕೆಲವೇ ಶಿಷ್ಯರನ್ನು ತನ್ನ ಬಳಿ ಇರಿಸಿಕೊಂಡು ಪಾಠ ಹೇಳುತ್ತಿದ್ದನು.

ರಗ್ಬಿಗೆ ಬಂದವನು ಅಲ್ಲಿಯ ಹಳೆಯ ಪದ್ಧತಿಗಳನ್ನೆಲ್ಲ ಕಿತ್ತೊಗೆಯಲಿಲ್ಲ. ಕಿರಿಯರು ಹಿರಿಯರ ಚಾಕರಿ ಮಾಡುವ ರೂಢಿಯನ್ನೂ ಉಳಿಸಿದನೆಂಬುದು ನಮಗೆ ಸೋಜಿಗವೇ ಸರಿ. ಆದರೆ ಮೇಲಿನ ತರಗತಿಯ ವಿದ್ಯಾರ್ಥಿಗಳನ್ನು ತಾನೇ ಹತ್ತಿರ ಕೂಡಿಸಿಕೊಂಡು ಕಲಿಸಿ, ಕಿರಿಯರ ನಡತೆಗೆ ಅವರೇ ಹೊಣೆಯೆಂದು ವಿಧಿಸಿದನು. ಬಾಡಿಗೆಯ ಆಸೆಗೆ ಹುಡುಗರನ್ನು ಇರಿಸಿಕೊಳ್ಳುತ್ತಿದ್ದ ಮನೆಗಳ ಬದಲು ಉಪಾಧ್ಯಾಯರ ಆಡಳಿತದಲ್ಲಿ ನಿಲಯಗಳನ್ನು ಏರ್ಪಡಿಸಿದನು. ಗ್ರೀಕ್, ಲ್ಯಾಟಿನ್‌ಗಳ ಜೊತೆಗೆ ಗಣಿತ, ಆಧುನಿಕ ಇತಿಹಾಸ, ಫ್ರೆಂಚ್ ಭಾಷೆಗಳಿಗೂ ಸ್ಥಾನ ದೊರೆಯಿತು. ಭಾನುವಾರಗಳಂದು ಶಾಲೆಯ ಪ್ರಾರ್ಥನಾಮಂದಿರದಲ್ಲಿ ತಾನೇ ಉಪದೇಶ ಮಾಡುತ್ತಿದ್ದನು.

ಹುಡುಗನು ಆಡಿದ ಮಾತನ್ನು ಸಾಕ್ಷಿ ಕೇಳದೆ ನಂಬುವುದು ಆತನ ನಿಯಮ. ನಂಬುವವನಿಗೆ ಸುಳ್ಳು ಹೇಳುವುದು ನಾಚಿಕೆಗೇಡೆಂದು ಹುಡುಗರು ಬಗೆದರು. ಆದರೂ ಒಮ್ಮೆ ಕೋಪದ ಭರದಲ್ಲಿ ಈ ನಿಯಮವನ್ನು ಆತನೇ ಮೀರಿದನು. ಒಬ್ಬ ಬಾಲಕನನ್ನು ಸುಳ್ಳುಗಾರನೆಂದು ಬೆತ್ತದಿಂದ ಕಠಿಣವಾಗಿ ಹೊಡೆದನು. ಬಾಲಕನು ಹೇಳಿದ್ದು ನಿಜವೆಂದು ತಿಳಿದಾಗ, ಗುರುವೆಂಬ ಹಮ್ಮನ್ನು ಬದಿಗಿರಿಸಿ ಅವನ ಕ್ಷಮೆ ಬೇಡಿದನು.

ಶಾಲೆಯಲ್ಲಿ ಎಷ್ಟು ಹುಡುಗರಿದ್ದಾರೆಂಬುದು ಆತನಿಗೆ ಮುಖ್ಯವಾಗಿರಲಿಲ್ಲ. ಇದ್ದು ಪ್ರಯೋಜನ ಹೊಂದದವರನ್ನು, ಅವರು ಘೋರ ಅಪರಾಧ ಮಾಡಿರದಿದ್ದರೂ, ಮನೆಗೆ ಕರೆಸಿಕೊಳ್ಳುವಂತೆ ತಂದೆಗಳಿಗೆ ಗುಟ್ಟಾಗಿ ತಿಳಿಸುತ್ತಿದ್ದನು. ಇದರಿಂದ ನಿಂದೆ ಬಂದರೂ ಸೈರಿಸಿದನು.

ಆದರೆ ಸೇರಿಸಿಕೊಳ್ಳುವ ವಿಷಯದಲ್ಲಿ ಆತನು ನಡೆದುದು ಅಷ್ಟು ನಿರ್ದುಷ್ಟವಲ್ಲ. ಲಾರೆನ್ಸ್ ಶೆರಿಫ್ ಎಂಬ ಕಿರಾಣಿ ವರ್ತಕನು 1567ರಲ್ಲಿ ಈ ಶಾಲೆಗೆ ಆಸ್ತಿ ಬಿಟ್ಟಿದ್ದು ರಗ್ಬಿ ಊರಿನ ಮತ್ತು ನೆರೆಹಳ್ಳಿಗಳ ಮಕ್ಕಳಿಗೆ ಧರ್ಮಾರ್ಥ ವಿದ್ಯೆ ದೊರೆಯಲೆಂದು. ಎಳೆಯ ಬಾಲಕರು ದೊಡ್ಡ ಶಾಲೆಯಲ್ಲಿರುವುದು ಆರ್ನಲ್ಡನಿಗೆ ಹಿಡಿಸದು. ಆತನು ಕೆಳಗಿನ ತರಗತಿಗಳನ್ನು ಕ್ಷೀಣಿಸಗೊಟ್ಟನು. ಸಿರಿವಂತರು ಬೇರೆಡೆ ಹಣ ತೆತ್ತು ಮಕ್ಕಳನ್ನು ಅಣಿಗೊಳಿಸಿ ಮೇಲಿನ ತರಗತಿಗೆ ತಂದರು. ಊರಿನ ಅಂಗಡಿಕಾರನ ಮಗನು ಏನು ಮಾಡಬೇಕು? ದಾನಿಯು ತೆರೆದ ಬಾಗಿಲು ಅವನ ಪಾಲಿಗೆ ಮುಚ್ಚಿತು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, 1839ರಲ್ಲಿ ತೀರ್ಪು ಆತನಿಗೆ ಪ್ರತಿಕೂಲವಾಯಿತು.

1842ರ ಜೂನ್ 12ರಂದು, ನಲವತ್ತೇಳು ತುಂಬಲು ಒಂದೇ ದಿನವಿರುವಾಗ, ಆರ್ನಲ್ಡನು ಎದೆನೋವಿನಿಂದ ತೀರಿಕೊಂಡನು. ಆತನ ಶಿಷ್ಯ ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಗುರುವಿನ ಹೆಸರು ದೇಶದೇಶಗಳಿಗೆ ಹಬ್ಬಿತು. ರಗ್ಬಿ ಊರಿನ ಹುಡುಗರಿಗಾಗಿ ಶೆರಿಫನ ಹೆಸರಿನಲ್ಲಿಯೇ ಪ್ರತ್ಯೇಕ ಶಾಲೆಯೊಂದು ತೆರೆದುದು 1878ರಲ್ಲಿ.