ಪ್ರಬೋಧಕರ ನಿರಾಶೆ, ಪ್ರಭುವಿನ ಫಸಲು: ಅಬ್ಬೆ ದುಬಾಯ್ ಸ್ವಾಮಿಗಳ ಜೀವನ

ವಿಶ್ವಾಸವು ವಾಕ್ಯಶ್ರವಣದಿಂದ ಉಂಟಾಗುತ್ತದೆಂಬುದು ಸಂತ ಪೌಲರ ಬೋಧೆ. ಆದಕಾರಣ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆಯನ್ನು ತಕ್ಕ ಕಾರಣವಿಲ್ಲದೆ ಬಿಡಲಾಗದೆಂದು ವಿಧಿಸಿತು. ಆದರೆ ಪ್ರಬೋಧನೆಯಿಂದ ಫಲವೇ ಕಾಣದಿದ್ದರೆ ಪ್ರಬೋಧಕನ ಗತಿಯೇನು? ಮಂಡ್ಯ, ಮದ್ದೂರು, ಮಳವಳ್ಳಿಗಳ ಭಕ್ತಾದಿಗಳಾದ ನಾವು ಇದಕ್ಕೆ ಉತ್ತರವನ್ನರಸಿ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣವೇ ಸಾಕು.

ಫ್ರಾನ್ಸ್ ದೇಶದ ಅಬ್ಬೆ ದುಬಾಯ್ ಸ್ವಾಮಿಗಳು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ವತಿಯಿಂದ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಮೈಸೂರು ಸೀಮೆಗೆ ಆಗಮಿಸಿ, ಚದುರಿಹೋಗಿದ್ದ ಕಥೋಲಿಕರನ್ನು ಒಗ್ಗೂಡಿಸಿದರು. ಗಂಜಾಮಿನ ದೇವಾಲಯವು ಇಂದಿಗೂ ಅವರ ಹೆಸರನ್ನು ನೆನಪಿಸುತ್ತದೆ. ಅವರು ದೇಶೀಯರಂತೆ ಉಡುಪು ಧರಿಸಿದರು, ಪೇಟ ಸುತ್ತಿದರು, ಮಾಂಸಾಹಾರ ತ್ಯಜಿಸಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಸಿಡುಬು ಹಾವಳಿಯಿಟ್ಟಾಗ, 1803-04ರಲ್ಲಿ ಅವರ ಪ್ರಯತ್ನದಿಂದ 25,000ಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಲಾಯಿತೆಂದು ದಾಖಲಾಗಿದೆ.

ಇಷ್ಟಾದರೂ ಅವರ ಅಂತರಂಗದಲ್ಲಿ ನಿರಾಶೆಯು ಬೆಳೆಯುತ್ತಿತ್ತು. 1823ರಲ್ಲಿ ಅವರು ಭಾರತವನ್ನು ತೊರೆದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ನಾಡಿನವರನ್ನು ಬೋಧೆಯಿಂದ ಕ್ರೈಸ್ತಧರ್ಮಕ್ಕೆ ತರುವುದು ಅಸಾಧ್ಯವೆಂದು ಬರೆದರು. ದೀರ್ಘಕಾಲದ ದುಡಿಮೆಯಲ್ಲಿ ತಮ್ಮಿಂದ ಹೊಸದಾಗಿ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಒಪ್ಪಿಕೊಂಡರು. ಮಿಷನರಿಗಳು ಅವರನ್ನು ಕಟುವಾಗಿ ಖಂಡಿಸಿದರು. ಮುಂದೆ 1836ರಿಂದ 1839ರವರೆಗೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದು, 1848ರಲ್ಲಿ ಅಲ್ಲಿಯೇ ದೈವಾಧೀನರಾದರು.

ಆ ಸ್ವಾಮಿಗಳ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಅವರ ತೀರ್ಮಾನವನ್ನು ಮಾತ್ರ ಒಪ್ಪಲಾರೆವು. ಅವರು ಲೆಕ್ಕ ಹಾಕಿದ್ದು ಹೊಸದಾಗಿ ಬಂದವರನ್ನು. ಭಯದಿಂದ ದೂರವಾಗಿದ್ದು ಮತ್ತೆ ಬಲಿಪೀಠದ ಬಳಿಗೆ ಬಂದವರು, ಅವರ ಬಾಯಿಂದ ಪ್ರಭುವಿನ ಪ್ರಾರ್ಥನೆಯನ್ನು ಕೇಳಿ ಮಕ್ಕಳಿಗೆ ಕಲಿಸಿದ ತಾಯಂದಿರು ಆ ಲೆಕ್ಕದಲ್ಲಿಲ್ಲ. ಸಿಡುಬಿನಿಂದ ಉಳಿದವರು ಯಾವ ಧರ್ಮದವರೆಂದೂ ಅಲ್ಲಿ ಬರೆದಿಲ್ಲ. ಕಾವೇರಿಯ ನೀರು ಗದ್ದೆಗೆ ಹರಿದ ದಿನವೇ ತೆನೆಯನ್ನು ಹುಡುಕುವ ರೈತನುಂಟೇ?

ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವದ ಈ ಹೊತ್ತಿನಲ್ಲಿ ಎಷ್ಟು ಪ್ರಬೋಧನೆಗಳನ್ನು ಕೇಳಿದೆವೆಂದು ನಾವು ಎಣಿಸುವುದು ಬೇಡ. ಭಾನುವಾರ ಕೇಳಿದ ವಾಕ್ಯವು ಸೋಮವಾರ ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ನೆರೆಮನೆಯ ರೋಗಿಯ ಹಾಸಿಗೆಯ ಬಳಿ ಏನಾಯಿತೆಂದು ನಮ್ಮನ್ನೇ ಕೇಳಿಕೊಳ್ಳೋಣ.