ಕಾಣದುದೆಲ್ಲ ಇಲ್ಲವೇ? — ಸರ್ ರೊನಾಲ್ಡ್ ರಾಸ್

ವೈದ್ಯಪರೀಕ್ಷೆಯ ಫಲವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ರೊನಾಲ್ಡ್ ರಾಸರ ಜೀವನ.

1857ರಲ್ಲಿ ಆಲ್ಮೋರದಲ್ಲಿ ಜನಿಸಿದ ರಾಸರು 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ತಮ್ಮ ಬಂಗಲೆಯ ಬಳಿ ನಿಂತ ನೀರಿನಲ್ಲಿ ಸೊಳ್ಳೆಮರಿಗಳನ್ನು ಕಂಡು, ಆ ನೀರನ್ನು ಚೆಲ್ಲಿಸಿ ಕಾಟ ತಗ್ಗಿಸಿದರು. ಮಲೇರಿಯಕ್ಕೂ ಸೊಳ್ಳೆಗೂ ಇರುವ ನಂಟು ಆಗ ಅವರಿಗೆ ತಿಳಿದಿರಲಿಲ್ಲ.

1880ರಲ್ಲಿಯೇ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ರೋಗಿಗಳ ರಕ್ತದಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡಿದ್ದರು. ರಾಸರಿಗೆ ಎಷ್ಟು ಹುಡುಕಿದರೂ ಅದು ಕಾಣಲಿಲ್ಲ. ಆದುದರಿಂದ ಲಾವೆರಾನರ ಮಾತೇ ತಪ್ಪೆಂದು ವಾದಿಸಿದರು. 1894ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಸನ್ನರು ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿದ ಮೇಲೆಯೇ ಅವರ ಸಂಶಯ ಕರಗಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಜಠರದಲ್ಲಿ ಆ ಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಆದರೆ ನನ್ನ ಮನಸ್ಸನ್ನು ಸೆಳೆದುದು 1903ರ ಅವರ ಕೆಲಸ. ತೆಳುವಾಗಿ ಹರಡಿದ ರಕ್ತದಲ್ಲಿ ವಿರಳವಾದ ಜೀವಿಗಳು ಕಣ್ಣು ತಪ್ಪಿಸುತ್ತವೆ. ರಾಸರು ರಕ್ತವನ್ನು ದಪ್ಪವಾಗಿ ಲೇಪಿಸಿ, ಅದರ ಕೆಂಪು ಬಣ್ಣವನ್ನು ನೀರಿನಿಂದ ಕಳೆದು ನೋಡುವ ವಿಧಾನವನ್ನು ತಿಳಿಸಿದರು. ಹೆಚ್ಚು ರಕ್ತ ಕಣ್ಣಿಗೆ ಬಿದ್ದಷ್ಟೂ ರೋಗ ತಪ್ಪಿಸಿಕೊಳ್ಳುವುದು ಕಡಿಮೆ. ಜಾತಿಯನ್ನು ಗುರುತಿಸಲು ಮಾತ್ರ ತೆಳು ಲೇಪವೇ ಮೇಲು. ಈ ಎರಡು ಲೇಪಗಳೂ ಇಂದಿಗೂ ಬಳಕೆಯಲ್ಲಿವೆ.

ನಮ್ಮ ಏಕಸಂಬಿಯ ಕಡೆ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದರೆ ಮನೆಮಂದಿ ನಿಶ್ಚಿಂತರಾಗುವುದುಂಟು. ಜ್ವರ ಬಿಡದಿದ್ದರೆ ಮತ್ತೆ ಪರೀಕ್ಷಿಸಲೇಬೇಕು. ಆ ಅಲಕ್ಷ್ಯಕ್ಕೆ ಪ್ರಾಣವೇ ಬೆಲೆಯಾದೀತು. 1932ರಲ್ಲಿ ತೀರಿಕೊಂಡ ರಾಸರ ಬಾಳಿನಿಂದ ನಾನು ಕಲಿತ ಪಾಠವಿದು.