ಜೀವಕೋಶದ ಇಂಧನ ಕಂಡ ಸುಬ್ಬರಾವ್

ಆಂಧ್ರದ ರಾಯದುರ್ಗ, ಮಡಕಶಿರಾಗಳ ಕನ್ನಡ ಮಕ್ಕಳೂ ನಮ್ಮ ಮಕ್ಕಳಂತೆಯೇ ಜೀವಕೋಶದ ಪಾಠ ಓದುತ್ತಾರೆ. ಕೋಶಕೇಂದ್ರ ಕೋಶದ ಆಡಳಿತ ನೋಡುತ್ತದೆ. ರೈಬೋಸೋಮ್ ಪ್ರೋಟೀನ್ ತಯಾರಿಸುತ್ತದೆ. ಉಂಡ ಅನ್ನದ ಶಕ್ತಿಯನ್ನು ಮೈಟೋಕಾಂಡ್ರಿಯಾ ಎ.ಟಿ.ಪಿ. ಎಂಬ ಇಂಧನದ ರೂಪಕ್ಕೆ ತರುತ್ತದೆ.

ಈ ಎ.ಟಿ.ಪಿ.ಯನ್ನು 1929ರಲ್ಲಿ ಸ್ನಾಯುವಿನಲ್ಲಿ ಗುರುತಿಸಿದವರಲ್ಲಿ ಅದೇ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಅವರು ಮೆಟ್ರಿಕ್ ಪಾಸಾದದ್ದು ಮೂರನೆಯ ಸಲಕ್ಕೆ. ಮದರಾಸಿನಲ್ಲಿ ವೈದ್ಯ ಓದುವಾಗ ಖಾದಿ ತೊಟ್ಟದ್ದಕ್ಕೆ ಎಂ.ಬಿ.ಬಿ.ಎಸ್. ಪದವಿ ಕೈತಪ್ಪಿ, ಎಲ್.ಎಂ.ಎಸ್. ಅಷ್ಟೇ ದೊರೆಯಿತು. ಅಮೆರಿಕೆಗೆ ಹೋಗಿ ಹಾರ್ವರ್ಡ್‌ನಲ್ಲಿ ಫಿಸ್ಕೆಯವರೊಡನೆ ದುಡಿದರು. 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಒಮ್ಮೆ ನಪಾಸಾದ ಮಗುವನ್ನು ಶಾಲೆ ಬಿಡಿಸಲು ಬರುವ ಹೆತ್ತವರಿಗೆ ನಾವು ಮೊದಲು ಹೇಳುವುದು ಇವರ ಕಥೆಯನ್ನೇ.